ಇಳಿತದ ಹೊತ್ತಿಗೆ ತೆರೆಯುವ ದ್ವೀಪ

ಅಂಡಮಾನ್ ಎಂದರೆ ಎಲ್ಲರ ಬಾಯಲ್ಲೂ ಹ್ಯಾವ್‌ಲಾಕ್. ನಾವು ಮೂವರು ಗೆಳತಿಯರು ಮಾತ್ರ ಅದರ ನೆರೆಯ ಪುಟ್ಟ ನೀಲ್ ದ್ವೀಪಕ್ಕೆಂದೇ ಎರಡು ದಿನ ಎತ್ತಿಟ್ಟಿದ್ದೆವು. 2018ರಿಂದ ಇದರ ಹೆಸರು ಶಹೀದ್ ದ್ವೀಪ.

ಇಲ್ಲಿರುವುದು ಐದೇ ಹಳ್ಳಿ: ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ ಮತ್ತು ನೀಲ್ ಕೇಂದ್ರ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳು 1960ರ ದಶಕದಲ್ಲಿ ಇಲ್ಲಿ ನೆಲೆ ನಿಂತವಂತೆ. ಇವರು ಬೆಳೆದ ತರಕಾರಿ ಹಡಗೇರಿ ಪೋರ್ಟ್ ಬ್ಲೇರ್‌ಗೂ ಹೋಗುತ್ತದೆ. ಬಾಡಿಗೆ ಸೈಕಲ್ ತುಳಿಯುತ್ತಾ ಅಡಿಕೆ ಮರಗಳನ್ನು ದಾಟಿದರೆ ಸಮುದ್ರ! ಮಲೆನಾಡಿನವಳಾದ ನನಗೆ ಅಡಿಕೆಯ ಬೆನ್ನಿಗೇ ಅಲೆಯ ಸದ್ದು ಕೇಳಿದ್ದು ಅದೇ ಮೊದಲು. ಸೀತಾಪುರದ ಬೀಚಿನಲ್ಲಿ ಬೆಳಗಿನ ಸೂರ್ಯ, ಲಕ್ಷ್ಮಣಪುರದಲ್ಲಿ ಸಂಜೆಯ ಸೂರ್ಯ. ಡಿಸೆಂಬರ್‌ನಲ್ಲಿ ಐದು ಗಂಟೆ ಸುಮಾರಿಗೇ ಮುಳುಗಿಬಿಡುತ್ತಾನೆ. ಆಮೇಲೆ ದಡದಲ್ಲಿ ನಾವು ಮೂವರೇ.

ಇಲ್ಲಿ ಗಡಿಯಾರಕ್ಕಿಂತ ಉಬ್ಬರವಿಳಿತದ್ದೇ ಕಾರುಬಾರು. ಸಹಜ ಕಲ್ಲಿನ ಸೇತುವೆ ನೋಡಬೇಕೆಂದರೆ ನೀರು ಇಳಿಯುವವರೆಗೆ ಕಾಯಬೇಕು. ಇಳಿದ ಮೇಲೆ ಕಲ್ಲುಗುಂಡಿಗಳಲ್ಲಿ ಏಡಿ, ಬಣ್ಣದ ಮೀನು, ಸಮುದ್ರ ಸೌತೆ ಎಲ್ಲ ಕಾಣುತ್ತವೆ. ನಮ್ಮ ಗೈಡ್ ವಯಸ್ಸಾದವರು. ಸೆಲ್ಫಿಗಾಗಿ ಹವಳದ ಮೇಲೆ ಹತ್ತಿ ನಿಂತಿದ್ದ ಹುಡುಗನೊಬ್ಬನನ್ನು ಕೈಹಿಡಿದು ಇಳಿಸಿದರು. "ಇದು ಕಲ್ಲಲ್ಲ ಮಗಾ, ಜೀವ" ಎಂದರು ಹಿಂದಿಯಲ್ಲಿ. 2010ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನಿನ ಹವಳಗಳು ಬಣ್ಣ ಕಳೆದುಕೊಂಡು ಬಿಳಿಚಿಕೊಂಡಿದ್ದವು. ಬಿಸಿನೀರನ್ನು ತಡೆಯಲು ಅವರ ಕೈಲಾಗದು, ಕಾಲುಗಳನ್ನಾದರೂ ತಡೆಯಬಹುದಲ್ಲ!

"ಹಾಗಾದರೆ ನಾವು ಬರದಿದ್ದರೇ ಒಳ್ಳೆಯದಲ್ವಾ ಅಂಕಲ್?" ಎಂದು ಕೇಳಿದೆ. ಅವರು ನಕ್ಕರು. "ನೀವು ಬಂದರೇನೇ ನಮ್ಮ ಮನೆಯಲ್ಲಿ ಒಲೆ ಉರಿಯೋದು ಬೇಟಿ. ಬನ್ನಿ, ನೋಡಿಕೊಂಡು ಹೆಜ್ಜೆ ಇಡಿ" ಎಂದರು.

ಆ ಮಾತು ನನ್ನೊಳಗೆ ಉಳಿದುಬಿಟ್ಟಿತು. ಕೆಡದ ಜಾಗ ಎಂದು ನಾವು ಹೊಗಳುವ ಕಡೆಯಲ್ಲೆಲ್ಲ ಅದನ್ನು ಕೆಡದಂತೆ ಕಾಯುವ ಯಾರೋ ಇರುತ್ತಾರೆ.

ನೀವೂ ಹೋಗುವುದಾದರೆ ಮೊದಲು ಇಳಿತದ ಸಮಯ ವಿಚಾರಿಸಿಕೊಳ್ಳಿ. ಗೈಡ್ ಇಟ್ಟ ಹೆಜ್ಜೆಯ ಮೇಲೇ ಹೆಜ್ಜೆ ಇಡಿ. ಹವಳದ ಚೂರನ್ನು ಬ್ಯಾಗಿಗೆ ಹಾಕಿಕೊಳ್ಳಬೇಡಿ, ಅದು ಕಾನೂನಿಗೆ ವಿರುದ್ಧ. ಚಿಪ್ಪು ಚೆಂದ ಕಂಡರೆ ಒಂದು ಫೋಟೊ ತೆಗೆದುಕೊಂಡು ಅಲ್ಲೇ ಬಿಡಿ. ಸನ್ಯಾಸಿ ಏಡಿಯೊಂದು ಅದರಲ್ಲಿ ಮನೆ ಮಾಡೀತು.