ಲಾಗಕ್ಕೂ ಒಂದು ಲೆಕ್ಕ

ಮೇಜಿನ ಮೇಲಿನ ಕಾಲ್ಪನಿಕ ಕಾಳಗದಲ್ಲಿ ಶತ್ರುವಿನ ಪಕ್ಕದಿಂದ ಲಾಗ ಹಾಕಿ ನುಸುಳುವುದು ಎಷ್ಟು ಸುಲಭವಿರಬೇಕು? ಐವತ್ತು ವರ್ಷಗಳಿಂದ ತಿದ್ದಿಸಿಕೊಳ್ಳುತ್ತಲೇ ಬಂದ ಒಂದು ನಿಯಮದ ಕಥೆ.

“ದಾಳ ಎಸೆಯೋದೇ ಬೇಡ ಅಪ್ಪ. ಒಂದು ಬಿದ್ರೂ ನಾನು ಪಾಸು” ಎಂದಳು ಮಗಳು.

ಅಲ್ ಐನ್‌ನ ನಮ್ಮ ಮನೆಯ ಊಟದ ಮೇಜಿನಲ್ಲಿ ಶನಿವಾರ ರಾತ್ರಿಯ ಆಟ ನಡೆದಿತ್ತು. ಆಗಸ್ಟ್‌ನ ಸೆಕೆಯಲ್ಲಿ ಮಕ್ಕಳನ್ನು ಮೈದಾನಕ್ಕೆ ಕಳಿಸುವ ಮಾತೇ ಇಲ್ಲ. ಬೇಸಿಗೆ ಪೂರ್ತಿ ನಮ್ಮ ಮೈದಾನವೆಂದರೆ ಚೌಕುಳಿ ಗೆರೆಯ ಒಂದು ದೊಡ್ಡ ಹಾಳೆ. ತಿಂದುಳಿದ ಖರ್ಜೂರದ ಬೀಜಗಳು ಗಾಬ್ಲಿನ್‌ಗಳು. ಲಬಾನ್ ಬಾಟಲಿಯ ನೀಲಿ ಮುಚ್ಚಳ ಓಗರ್ ಎಂಬ ದೈತ್ಯ. ಮಗಳ ಪಾತ್ರ ಏಳನೇ ಹಂತದ ಕಳ್ಳಿ. ಅವಳು ಓಗರನ ಪಕ್ಕದಿಂದ ಲಾಗ ಹಾಕಿ ಅವನ ಬೆನ್ನ ಹಿಂದಿನ ಪೆಟ್ಟಿಗೆ ತಲುಪಬೇಕಿತ್ತು.

ನಾವು ಆಡುತ್ತಿದ್ದುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 2003ರ ಪುಸ್ತಕದಂತೆ. ಶತ್ರುವಿನ ಕೈಗೆಟಕುವ ಚೌಕದಿಂದ ಹೊರಟರೆ ಅವನಿಗೆ ಪುಕ್ಕಟೆಯಾಗಿ ಒಂದು ಹೊಡೆತ ಸಿಗುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ‘ಬಿಟ್ಟಿ ಏಟು’ ಎಂದು ಹೆಸರು. ಲಾಗ ಹಾಕಿ ಅರ್ಧ ವೇಗದಲ್ಲಿ ಸಾಗಿದರೆ ಬಿಟ್ಟಿ ಏಟು ತಪ್ಪುತ್ತದೆ. ಅದಕ್ಕೆ ಇಪ್ಪತ್ತು ಮುಖದ ದಾಳದ ಅಂಕಿಗೆ ಪಾತ್ರದ ಪಳಗಿಕೆಯನ್ನು ಕೂಡಿಸಿದಾಗ ಮೊತ್ತ 15 ಮುಟ್ಟಬೇಕು. ಮಗಳ ಪಾತ್ರಕ್ಕೆ ಅಭ್ಯಾಸದಿಂದ 10, ಮೈಯ ಚುರುಕಿನಿಂದ 4, ಒಟ್ಟು 14. ದಾಳ ಎಷ್ಟೇ ಕೆಟ್ಟದಾಗಿ ಬಿದ್ದರೂ 15.

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಯೋಧನ ಪಾತ್ರ ವಹಿಸಿದ್ದ ನನ್ನ ತಮ್ಮನ ಮಗ ಮುಖ ಸಣ್ಣದು ಮಾಡಿಕೊಂಡ. “ಹೀಗೆ ದಾಟಿ ಹೋಗೋದಾದ್ರೆ ಶತ್ರುಗಳೂ ನನ್ನ ದಾಟಿ ಹೋಗಬಹುದಲ್ವಾ ದೊಡ್ಡಪ್ಪ? ನಾನ್ಯಾಕೆ ಗುರಾಣಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದೀನಿ?”

ಅವನಿಗೆ ಉತ್ತರ ಕೊಡಬೇಕೆಂದೇ ಈ ನಿಯಮದ ಬೇರು ಹುಡುಕಿಕೊಂಡು ಹೊರಟೆ.

ಓಡಿದರೆ ಬೆನ್ನಿಗೆ ಏಟು

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಅಮೆರಿಕದಲ್ಲಿ ಪ್ರಕಟಿಸಿದ್ದು 1974ರಲ್ಲಿ. ಸೈನ್ಯಗಳನ್ನು ಗೊಂಬೆಗಳಾಗಿ ನಿಲ್ಲಿಸಿ ಆಡುವ ಯುದ್ಧದಾಟದಿಂದ ಹುಟ್ಟಿದ್ದು ಇದು. ಇಲ್ಲಿ ಒಬ್ಬ ಆಟಗಾರನಿಗೆ ಒಂದೇ ಪಾತ್ರ. ಕಳ್ಳನೆಂಬ ವರ್ಗ ಮರುವರ್ಷ, 1975ರ ‘ಗ್ರೇಹಾಕ್’ ಪುರವಣಿಯಲ್ಲಿ ಬಂತು. ಗೋಡೆ ಹತ್ತುವುದು, ಬೀಗ ಬಿಚ್ಚುವುದು ಅವನ ಕಸುಬು. ಕಾಳಗದ ನಡುವೆ ಜಾರಿಕೊಳ್ಳುವ ವಿದ್ಯೆ ಆಗಿನ್ನೂ ಅವನಿಗಿರಲಿಲ್ಲ. 1979ರ ನಿಯಮಪುಸ್ತಕವಂತೂ, ಹೊಡೆದಾಟದ ಮಧ್ಯೆ ಓಡಿಹೋಗುವವನಿಗೆ ಬೆನ್ನ ಮೇಲೆ ಏಟು ಕಟ್ಟಿಟ್ಟದ್ದು ಎಂದೇ ಹೇಳಿತು.

1985ರ ‘ಅನ್‌ಅರ್ಥ್ಡ್ ಅರ್ಕೇನಾ’ ಪುಸ್ತಕದಲ್ಲಿ ದೊಂಬರ ವಿದ್ಯೆ ಬಲ್ಲ ಕಳ್ಳ ಕಾಣಿಸಿಕೊಂಡ. ಹಗ್ಗದ ಮೇಲಿನ ನಡಿಗೆ, ಕೋಲೂರಿ ಜಿಗಿತ, ಲಾಗ ಹಾಕಿ ಏಟು ತಪ್ಪಿಸಿಕೊಳ್ಳುವುದು, ಎಲ್ಲಕ್ಕೂ ಶೇಕಡಾವಾರು ಕೋಷ್ಟಕಗಳಿದ್ದವು. 1989ರ ಎರಡನೇ ಆವೃತ್ತಿ ಅದನ್ನು ಸರಳಗೊಳಿಸಿತು. ಲಾಗ ಬಲ್ಲವನು ಆ ಸುತ್ತಿನಲ್ಲಿ ತನ್ನ ಹೊಡೆತಗಳನ್ನೆಲ್ಲ ಬಿಟ್ಟುಕೊಟ್ಟರೆ ಅವನ ರಕ್ಷಣೆಗೆ 4 ಅಂಕ ಹೆಚ್ಚು. ಹೊಡೆಯುತ್ತೀಯೋ, ತಪ್ಪಿಸಿಕೊಳ್ಳುತ್ತೀಯೋ, ಒಂದನ್ನು ಆರಿಸಿಕೋ ಎನ್ನುವ ನ್ಯಾಯ ಅದು. ನನಗೆ ಆ ನ್ಯಾಯ ಇವತ್ತಿಗೂ ಇಷ್ಟ.

ಜೇಬಿನಲ್ಲೊಂದು ಕಟ್ಟೆಮನೆ

2000ದಲ್ಲಿ ಜೊನಾಥನ್ ಟ್ವೀಟ್, ಮಾಂಟಿ ಕುಕ್, ಸ್ಕಿಪ್ ವಿಲಿಯಮ್ಸ್ ರೂಪಿಸಿದ ಮೂರನೇ ಆವೃತ್ತಿ ಕಾಳಗವನ್ನು ಐದಡಿಯ ಚೌಕಗಳ ಮೇಲೆ ಗಟ್ಟಿಯಾಗಿ ಕೂರಿಸಿತು. ಬಿಟ್ಟಿ ಏಟು ಮುಖ್ಯ ನಿಯಮಗಳಲ್ಲಿ ಸೇರಿತು. ಯೋಧನಿಗೆ ಅದರಿಂದ ಬಲ ಬಂತು, ಅವನು ನಿಂತ ಜಾಗ ಕೋಟೆಯಾಯಿತು. ಆ ಕೋಟೆಗೆ ಕಿಂಡಿಯಾಗಿ ಬಂದದ್ದು ‘ಟಂಬಲ್’ ಎಂಬ ಕೌಶಲ. ಶತ್ರುವಿನ ಪಕ್ಕದಿಂದ ನುಸುಳಲು 15, ಅವನು ನಿಂತ ಚೌಕದೊಳಗಿನಿಂದಲೇ ತೂರಲು 25.

ತೊಡಕಿದ್ದುದು ಆ ಸಂಖ್ಯೆ ಅಲುಗದೆ ನಿಂತದ್ದರಲ್ಲಿ. ಎದುರಿಗಿದ್ದವನು ಗಾಬ್ಲಿನ್ ಮರಿಯಾದರೂ 15, ಬೆಂಕಿಯುಗುಳುವ ಡ್ರ್ಯಾಗನ್ ಆದರೂ 15. ಪಾತ್ರ ಬೆಳೆಯುತ್ತದೆ, ಸಂಖ್ಯೆ ಬೆಳೆಯುವುದಿಲ್ಲ. ಚೌಕಾಬಾರದಲ್ಲಿ ಕಟ್ಟೆಮನೆಯ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಆದರೆ ಕಟ್ಟೆ ಇರುವಲ್ಲೇ ಇರುತ್ತದೆ, ಕಾಯಿ ಅಲ್ಲಿಗೆ ಹೋಗಿ ಸೇರಬೇಕು. ಏಳನೇ ಹಂತದ ಕಳ್ಳಿಯೋ ಕಟ್ಟೆಯನ್ನೇ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾಳೆ. 2003ರ ಪರಿಷ್ಕರಣೆ ಮೊದಲನೆಯವನ ನಂತರದ ಪ್ರತಿ ಶತ್ರುವಿಗೂ 2 ಅಂಕ ಏರಿಸಿತಾದರೂ ಒಬ್ಬನೇ ಎದುರಾಳಿಯ ಮಟ್ಟಿಗೆ ಏನೂ ಬದಲಾಗಲಿಲ್ಲ.

ತಕ್ಕಡಿ ಆ ಕಡೆ ವಾಲಿತು

2009ರಲ್ಲಿ ಪೈಜೊ ಸಂಸ್ಥೆ ಇದೇ ನಿಯಮಗಳನ್ನು ತಿದ್ದಿ ‘ಪಾತ್‌ಫೈಂಡರ್’ ಆಟ ತಂದಾಗ 15ನ್ನು ಕಿತ್ತುಹಾಕಿತು. ಎದುರಾಳಿಯ ಯುದ್ಧದ ಪಳಗಿಕೆ, ತೋಳಬಲ, ಚುರುಕು, ಗಾತ್ರ ಎಲ್ಲ ಕೂಡಿದ ಅಂಕಿಯನ್ನು ಲಾಗ ಗೆಲ್ಲಬೇಕಾಯಿತು. ಓಗರನಿಗೆ ಅದು 18, ಬೆಂಕಿದೈತ್ಯನಿಗೆ 31. ಪಳಗಿಕೆ 18 ಇರುವ ಹತ್ತನೇ ಹಂತದ ಕಳ್ಳ ಬೆಂಕಿದೈತ್ಯನನ್ನು ದಾಟಲು ದಾಳದಲ್ಲಿ 13 ಬೀಳಬೇಕು. ನೂರಕ್ಕೆ ನಲವತ್ತು ಸಲ ಮಾತ್ರ ಗೆಲುವು. ದೊಡ್ಡ ಮೈಯವನ ಕಾಲ ಸಂದಿಯಲ್ಲಿ ನುಸುಳುವುದು ಸುಲಭವಿರಬೇಕಿತ್ತು. ಇಲ್ಲಿ ಗಾತ್ರವೂ ತೋಳಬಲವೂ ಸೇರಿ ಅದನ್ನೇ ಕಷ್ಟ ಮಾಡಿದವು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಐದನೇ ಆವೃತ್ತಿ ದಾಳವನ್ನೇ ಬದಿಗಿಟ್ಟಿತು. ನಿನ್ನ ಸರದಿಯ ಮುಖ್ಯ ಕ್ರಿಯೆಯನ್ನು ತೆತ್ತರೆ ಬಿಟ್ಟಿ ಏಟಿಲ್ಲದೆ ಹೊರಡಬಹುದು. ಎರಡನೇ ಹಂತದಿಂದ ಕಳ್ಳನಿಗೆ ಅದೇ ಕೆಲಸ ಕಿರುಕ್ರಿಯೆಯ ಅಗ್ಗದ ಬೆಲೆಗೆ ಸಿಗುತ್ತದೆ. ಪಾತ್‌ಫೈಂಡರ್‌ನ 2019ರ ಎರಡನೇ ಆವೃತ್ತಿ ದಾಳಕ್ಕೆ ಮರಳಿತು, ಆದರೆ ತೂಗಿದ್ದು ಎದುರಾಳಿಯ ತೋಳನ್ನಲ್ಲ, ಮೈಯ ಎಚ್ಚರವನ್ನು. ಸೋತರೆ ನಡೆ ಅಲ್ಲಿಗೇ ನಿಲ್ಲುತ್ತದೆ. ಜೊತೆಗೆ ಬಿಟ್ಟಿ ಏಟು ಎಲ್ಲ ಶತ್ರುಗಳ ಸೊತ್ತಾಗಿ ಉಳಿಯಲಿಲ್ಲ, ಕೆಲವರಿಗಷ್ಟೇ ಇದೆ.

ಕಬಡ್ಡಿ ಅಂಗಳದ ಉತ್ತರ

ಇಷ್ಟೆಲ್ಲ ಓದಿಯೂ ಯಾವುದನ್ನು ಒಪ್ಪಬೇಕೆಂದು ತೋಚಲಿಲ್ಲ. ಮುಂದಿನ ಶನಿವಾರ ನಮ್ಮ ಕಟ್ಟಡದಲ್ಲೇ ಇರುವ ಪುತ್ತೂರಿನ ಗೆಳೆಯರು ಚಹಾಕ್ಕೆ ಬಂದಿದ್ದರು. ಕಾಲೇಜಿನಲ್ಲಿ ಕಬಡ್ಡಿ ಆಡಿದವರು, 2018ರ ಜೂನ್‌ನಲ್ಲಿ ದುಬೈನಲ್ಲಿ ಕಬಡ್ಡಿ ಮಾಸ್ಟರ್ಸ್ ನಡೆದಾಗ ಇಲ್ಲಿಂದ ಕಾರು ಓಡಿಸಿಕೊಂಡು ಹೋಗಿ ನೋಡಿ ಬಂದವರು. ಮಕ್ಕಳ ಜಗಳ ಕೇಳಿ ಅವರಿಗೆ ಡುಬ್ಕಿ ನೆನಪಾಯಿತು. ಹಿಡಿಯಲು ಬಂದವರ ಕೈಸರಪಳಿಯ ಕೆಳಗೆ ರೈಡರ್ ಬಗ್ಗಿ ಜಾರುವ ವರಸೆ ಅದು.

“ಡುಬ್ಕಿ ಹೊಡೀಲಿಕ್ಕೆ ಉಂಟು ಮಾರಾಯ್ರೆ. ಆದ್ರೆ ಬಗ್ಗುವ ಮೊದಲು ಎದುರಿಗೆ ಯಾರಿದ್ದಾರೆ ಅಂತ ನೋಡ್ಬೇಕಲ್ಲ?”

ಕಬಡ್ಡಿಯ ನಿಯಮಗಳನ್ನು ಅವರು ಮೇಜಿನ ಮೇಲೆ ಬೀಜಗಳನ್ನಿಟ್ಟೇ ವಿವರಿಸಿದರು. ಬೋನಸ್ ಗೆರೆ ದಾಟಿದ್ದಕ್ಕೆ ಅಂಕ ಸಿಗುವುದು ಎದುರು ಅಂಗಳದಲ್ಲಿ ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ. ಉಳಿದವರು ಮೂವರೋ ಅದಕ್ಕಿಂತ ಕಡಿಮೆಯೋ ಆಗಿ, ಅವರೇ ರೈಡರ್‌ನನ್ನು ಹಿಡಿದುಹಾಕಿದರೆ ‘ಸೂಪರ್ ಟ್ಯಾಕಲ್’, ಒಂದು ಅಂಕ ಹೆಚ್ಚು. ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ಔಟ್. ಜಾಣತನದಿಂದ ತಪ್ಪಿಸಿಕೊಂಡರೆ ಕಬಡ್ಡಿ ಮೆಚ್ಚುತ್ತದೆ. ತಪ್ಪಿಸಿಕೊಳ್ಳುವುದನ್ನೇ ಕೆಲಸ ಮಾಡಿಕೊಂಡವನನ್ನು ಸುಮ್ಮನೆ ಬಿಡುವುದಿಲ್ಲ. ಜೊತೆಗೆ, ಎದುರಿಗೆ ಎಷ್ಟು ಜನರಿದ್ದಾರೆ ಎಂಬುದನ್ನು ಎಣಿಸಿಯೇ ಬೆಲೆ ಕಟ್ಟುತ್ತದೆ.

ನಮ್ಮ ಮೇಜಿಗೆ ಬೇಕಿದ್ದುದು ಅದೇ ಎಣಿಕೆ. ಲಾಗ ಹಾಕುವವಳು ಎಷ್ಟು ಬಲ್ಲಳು ಎಂಬುದನ್ನು ಪುಸ್ತಕ ಕೇಳುತ್ತಿತ್ತು, ತಡೆಯುವವನು ಎಷ್ಟು ಬಲ್ಲ ಎಂಬುದನ್ನು ಕೇಳುತ್ತಿರಲಿಲ್ಲ. ಅಂದೇ ಮನೆಯ ನಿಯಮ ಬರೆದೆವು: 15ಕ್ಕೆ ಎದುರಾಳಿಯ ಯುದ್ಧದ ಪಳಗಿಕೆಯನ್ನು ಕೂಡಿಸುವುದು, ಗಾತ್ರವನ್ನು ಬಿಡುವುದು. ಗಾಬ್ಲಿನ್ ಯೋಧನಿಗೆ 16, ಓಗರನಿಗೆ 18, ಬೆಂಕಿದೈತ್ಯನಿಗೆ 26. ಮಗಳ ಕಳ್ಳಿಗೆ ಗಾಬ್ಲಿನ್ ಎದುರು ದಾಳದಲ್ಲಿ 2 ಸಾಕು, ಓಗರನಿಗೆ 4, ಬೆಂಕಿದೈತ್ಯನಿಗೆ 12 ಬೇಕು. ಕಲಿತ ವಿದ್ಯೆ ಅವಳ ಕೈಬಿಡಲಿಲ್ಲ. ತಮ್ಮನ ಮಗನ ಗುರಾಣಿಗೂ ಬೆಲೆ ಬಂತು, ಅವನು ಪಳಗಿದಷ್ಟೂ ಬಾಗಿಲು ಭದ್ರ.

ಆಮೇಲಿನ ವಾರ ಕತ್ತಲ ಓಣಿಯೊಂದರ ಕೊನೆಯಲ್ಲಿ ಪೆಟ್ಟಿಗೆ ಇಟ್ಟೆ, ಅದರ ಮುಂದೆ ನೀಲಿ ಮುಚ್ಚಳ ಇಟ್ಟೆ. ಮಗಳು ದಾಳ ಕೈಗೆತ್ತಿಕೊಂಡಳು. ಎಸೆಯಲಿಲ್ಲ. ಮುಚ್ಚಳವನ್ನೇ ದಿಟ್ಟಿಸುತ್ತ ಕೇಳಿದಳು, “ಅಪ್ಪ, ಇವನು ಯಾರು? ಎಷ್ಟು ಕಾಳಗ ನೋಡಿದಾನೆ?”