ಮನೆಸಾಲಕ್ಕೂ ಬೇಕು ಹೊತ್ತಿನ ಹೂಮಳೆ

ಪೊನ್ನಂಪೇಟೆಯಿಂದ ಶ್ರೀಮಂಗಲ, ಕುಟ್ಟದ ಕಡೆಗೆ ಹೋಗುವ ಹಾದಿಯಲ್ಲಿ ಸಿಗುವ ಊರು ಹುದಿಕೇರಿ. ದಕ್ಷಿಣ ಕೊಡಗಿನ ಇತರ ಊರುಗಳಂತೆ ಇಲ್ಲಿಯೂ ತಗ್ಗಿನಲ್ಲಿ ಗದ್ದೆ, ಏರಿನಲ್ಲಿ ರೊಬಸ್ಟಾ ಕಾಫಿ, ನೆರಳು ಮರಗಳಿಗೆ ಹಬ್ಬಿದ ಕರಿಮೆಣಸು. ಮಾರ್ಚ್ ಬಂತೆಂದರೆ ಕೊಯ್ಲು ಮುಗಿದು ಕಣ ಖಾಲಿಯಾಗತೊಡಗುತ್ತದೆ. ಒಣಗಿದ ಚೆರ್ರಿ ಚೀಲ ಸೇರಿ, ಚೀಲ ವ್ಯಾಪಾರಿಯ ಗಾಡಿ ಏರಿದ ಮೇಲೆ ಇಡೀ ವರ್ಷದ ಗಳಿಕೆ ಒಮ್ಮೆಗೇ ಮನೆಗೆ ಬರುತ್ತದೆ. ಖರ್ಚುಗಳೂ ಕಾದು ಕುಳಿತಿರುತ್ತವೆ. ಕೂಲಿ, ಗೊಬ್ಬರ, ಸಹಕಾರ ಸಂಘದ ಬೆಳೆಸಾಲ, ಮಕ್ಕಳ ಕಾಲೇಜು ಫೀಸು ಹೀಗೆ ಪಟ್ಟಿ ಉದ್ದವಾಗಿಯೇ ಇರುತ್ತದೆ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರದ ಒಂದು ಬಾಬ್ತು ಮನೆಸಾಲ. ಅದರ ಕಂತು ತಿಂಗಳು ತಿಂಗಳು ತಾನಾಗಿ ಖಾತೆಯಿಂದ ಹೋಗುತ್ತಿರುವುದರಿಂದ ಅದರ ನೆನಪೇ ಯಾರಿಗೂ ಬರುವುದಿಲ್ಲ.

ಕೊಡಗಿನ ಐನ್‌ಮನೆ ಒಕ್ಕಕ್ಕೆಲ್ಲ ಸೇರಿದ್ದು. ಬೇರೆ ಸಂಸಾರ ಹೂಡಿದವರು ಕಟ್ಟಿಕೊಳ್ಳುವ ಮನೆ ಅವರವರದು, ಅದರ ಸಾಲವೂ ಅವರವರದೇ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಕಟ್ಟಿದ ಮನೆಯ ಸಾಲವನ್ನು ಬ್ಯಾಂಕು ಕೊಟ್ಟ ಇಪ್ಪತ್ತು ವರ್ಷವೂ ಹೊರಬೇಕೆಂಬ ಕಟ್ಟಳೆ ಇಲ್ಲ. ವರ್ಷಕ್ಕೊಮ್ಮೆ ಸ್ವಲ್ಪ ಹೆಚ್ಚಿಗೆ ಕಟ್ಟಿದರೆ ಸಾಲದ ಆಯುಷ್ಯವೇ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದನ್ನು ಪ್ರೌಢಶಾಲೆಯ ಬಡ್ಡಿ ಲೆಕ್ಕ ಬಲ್ಲ ಮಕ್ಕಳೇ ಕೂತು ಕಂಡುಕೊಳ್ಳಬಹುದು.

ಅರ್ಧ ಅವಧಿ, ಅರ್ಧ ಸಾಲವಲ್ಲ

ಹುದಿಕೇರಿಯ ಒಂದು ಸಂಸಾರ ಮನೆ ಕಟ್ಟಲು 20 ಲಕ್ಷ ರೂ. ಸಾಲ ಪಡೆದಿದೆ ಎಂದಿಟ್ಟುಕೊಳ್ಳೋಣ. ಬಡ್ಡಿ ಶೇ. 9, ಅವಧಿ 20 ವರ್ಷ. ತಂದೆಗೆ 45 ವರ್ಷ, ಮಗಳು ಎಂಟನೇ ತರಗತಿಯಲ್ಲಿದ್ದಾಳೆ. ತಿಂಗಳ ಕಂತು 17,995 ರೂ. ಆಗುತ್ತದೆ. ಮೊದಲ ತಿಂಗಳ ಬಡ್ಡಿ ಎಷ್ಟು? 20 ಲಕ್ಷಕ್ಕೆ ಶೇ. 9ರಂತೆ ವರ್ಷಕ್ಕೆ 1,80,000 ರೂ., ತಿಂಗಳಿಗೆ 15,000 ರೂ. ಅಂದರೆ ಕಟ್ಟಿದ ಹಣದಲ್ಲಿ ಅಸಲಿಗೆ ಜಮೆಯಾದದ್ದು ಮೂರು ಸಾವಿರಕ್ಕೂ ಸ್ವಲ್ಪ ಕಡಿಮೆ. ಇಡೀ ಮೊದಲ ವರ್ಷ 2,15,900 ರೂ. ಕಟ್ಟಿದರೂ ಅಸಲು ಕರಗುವುದು ಸುಮಾರು 37,450 ರೂ. ಮಾತ್ರ.

ಇದರಲ್ಲಿ ಮೋಸವೇನೂ ಇಲ್ಲ. ಉಳಿದ ಅಸಲಿನ ಮೇಲೆ ಬಡ್ಡಿ, ಬಡ್ಡಿ ಕಳೆದು ಮಿಕ್ಕದ್ದು ಅಸಲಿಗೆ ಎಂಬುದು ಲೆಕ್ಕದ ಕ್ರಮ. ಅಸಲು ದೊಡ್ಡದಿರುವ ಮೊದಲ ವರ್ಷಗಳಲ್ಲಿ ಬಡ್ಡಿಯೇ ಕಂತನ್ನು ತಿನ್ನುತ್ತದೆ. ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ ಈ ಸಂಸಾರ 14 ಲಕ್ಷ 20 ಸಾವಿರ ರೂ. ಬಾಕಿ ಇಟ್ಟುಕೊಂಡಿರುತ್ತದೆ. ಸಾಲ ನಿಜಕ್ಕೂ ಅರ್ಧಕ್ಕೆ ಇಳಿಯುವುದು 14ನೇ ವರ್ಷದ ಕೊನೆಗೆ. ಎಲ್ಲ ತೀರುವಷ್ಟರಲ್ಲಿ 20 ಲಕ್ಷದ ಸಾಲಕ್ಕೆ ಕಟ್ಟಿದ್ದು ಸುಮಾರು 43 ಲಕ್ಷ 19 ಸಾವಿರ. ಆಗ ತಂದೆಗೆ 65, ಮಗಳಿಗೆ 33 ವರ್ಷ.

ಮೊದಲು ಕಟ್ಟಿದ ಲಕ್ಷವೇ ಲಕ್ಷ

ಈಗ ಇದೇ ಸಂಸಾರ ಮೊದಲ ವರ್ಷದ ಕೊನೆಗೆ ಒಮ್ಮೆ ಮಾತ್ರ 1 ಲಕ್ಷ ರೂ. ಹೆಚ್ಚಿಗೆ ಕಟ್ಟಿ, ತಿಂಗಳ ಕಂತನ್ನು ಹಾಗೆಯೇ ಮುಂದುವರಿಸಿದರೆ ಏನಾಗುತ್ತದೆ? ಕೊನೆಯ 27 ಕಂತುಗಳು ಬಿದ್ದುಹೋಗುತ್ತವೆ. ಉಳಿಯುವ ಬಡ್ಡಿ ಸುಮಾರು 4 ಲಕ್ಷ ರೂ. ಅದೇ 1 ಲಕ್ಷವನ್ನು 15ನೇ ವರ್ಷದ ಕೊನೆಗೆ ಕಟ್ಟಿದರೆ ತಪ್ಪುವುದು ಎಂಟು ಕಂತು, ಉಳಿಯುವುದು ಸುಮಾರು 52,000 ರೂ. ಹಣ ಒಂದೇ, ಫಲ ಬೇರೆ. ‘ಮಕ್ಕಳ ಓದು ಮುಗಿಯಲಿ, ಆಮೇಲೆ ಸಾಲದ ಕಡೆ ನೋಡೋಣ’ ಎನ್ನುವವರು ಗಮನಿಸಬೇಕಾದ ಸಂಗತಿ ಇದು. ಕೊನೆಯಲ್ಲಿ ಕಟ್ಟುವ ದೊಡ್ಡ ಮೊತ್ತಕ್ಕಿಂತ ಆರಂಭದಲ್ಲಿ ಕಟ್ಟುವ ಸಣ್ಣ ಮೊತ್ತಕ್ಕೆ ಬಲ ಹೆಚ್ಚು.

ಪ್ರತಿ ವರ್ಷದ ಕೊನೆಗೆ ಒಂದು ಹೆಚ್ಚುವರಿ ಕಂತು, ಅಂದರೆ 18,000 ರೂ. ಕಟ್ಟುತ್ತ ಬಂದರೆ ಸಾಲ 16 ವರ್ಷ 7 ತಿಂಗಳಿಗೆ ಮುಗಿಯುತ್ತದೆ. ಉಳಿತಾಯ ಸುಮಾರು 4 ಲಕ್ಷ 63 ಸಾವಿರ. ಕಾಫಿ ಮಾರಿದಾಗ ವರ್ಷಕ್ಕೆ 50,000 ರೂ. ಕಟ್ಟಲು ಸಾಧ್ಯವಾದರೆ 13 ವರ್ಷಕ್ಕೇ ಋಣಮುಕ್ತಿ. ಬಡ್ಡಿಯಲ್ಲಿ ಉಳಿಯುವುದು ಸುಮಾರು 9 ಲಕ್ಷ 20 ಸಾವಿರ. ಆಗ ತಂದೆಗೆ 58, ಮಗಳಿಗೆ 26.

ಕಾಫಿಯ ಲಯಕ್ಕೆ ಹೊಂದುವ ದಾರಿ

ತಿಂಗಳ ಕಂತು ಹುಟ್ಟಿದ್ದು ತಿಂಗಳ ಸಂಬಳದವರಿಗಾಗಿ. ಕಾಫಿ ಬೆಳೆಗಾರರ ವರಮಾನದ ಲಯವೇ ಬೇರೆ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಬೆಳೆ ಒಪ್ಪಿಸಿದವರು ಹಣಕ್ಕಾಗಿ ಕಂತು ಕಂತಾಗಿ ಕಾಯಬೇಕಿತ್ತು. 1992ರಿಂದ ಸಡಿಲಗೊಳ್ಳುತ್ತ ಬಂದ ಆ ಪದ್ಧತಿ 1996ರಲ್ಲಿ ಪೂರ್ತಿ ಕೊನೆಗೊಂಡಿತು. ಅಂದಿನಿಂದ ಮಾರಾಟವೂ ಬೆಳೆಗಾರನದೇ, ಬೆಲೆಯ ಏರಿಳಿತವೂ ಅವನದೇ. ಬ್ರೆಜಿಲಿನಲ್ಲಿ 1994ರಲ್ಲಿ ಹಿಮ ಬಿದ್ದಾಗ ಇಲ್ಲಿ ಬೆಲೆ ಗಗನಕ್ಕೇರಿತು. 2001ರ ಹೊತ್ತಿಗೆ ಪಾತಾಳಕ್ಕಿಳಿಯಿತು. 2024ರಲ್ಲಿ ರೊಬಸ್ಟಾ ದಾಖಲೆ ಬೆಲೆ ಕಂಡಿತು.

ಇಂಥ ಬದುಕಿಗೆ ವರ್ಷಕ್ಕೊಮ್ಮೆ ಮುಂಗಡ ಕಟ್ಟುವ ದಾರಿ ಚೆನ್ನಾಗಿ ಒಗ್ಗುತ್ತದೆ. ಮೊದಲೇ 13 ವರ್ಷದ ಅವಧಿಗೆ ಸಾಲ ಪಡೆದಿದ್ದರೆ ಕಂತು ಸುಮಾರು 21,800 ರೂ. ಆಗುತ್ತಿತ್ತು. ಬೆಲೆ ಬಿದ್ದರೂ, ಮಳೆಗೆ ಕಾಯಿ ಉದುರಿದರೂ, ಆನೆ ತೋಟಕ್ಕೆ ನುಗ್ಗಿದರೂ ಅದನ್ನು ಕಟ್ಟಲೇಬೇಕಿತ್ತು. 20 ವರ್ಷದ ಸಣ್ಣ ಕಂತು ಇಟ್ಟುಕೊಂಡು ಒಳ್ಳೆಯ ವರ್ಷದಲ್ಲಿ ಹೆಚ್ಚು ಕಟ್ಟುವವರಿಗೆ ಕೆಟ್ಟ ವರ್ಷದಲ್ಲಿ ಉಸಿರಾಡಲು ಜಾಗವಿರುತ್ತದೆ.

ಬ್ಯಾಂಕಿನಲ್ಲಿ ಕೇಳಬೇಕಾದ್ದು

ಹಿಂದೆ ಅವಧಿಗೆ ಮುನ್ನ ಸಾಲ ತೀರಿಸಿದರೆ ದಂಡ ತೆರಬೇಕಾಗಿತ್ತು. 2012ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು, ಬದಲಾಗುವ ಬಡ್ಡಿದರದ ಮನೆಸಾಲಕ್ಕೆ ವ್ಯಕ್ತಿಗಳಿಂದ ಇಂಥ ಶುಲ್ಕ ವಸೂಲು ಮಾಡಬಾರದೆಂದು ಬ್ಯಾಂಕುಗಳಿಗೆ ಆದೇಶಿಸಿತು. ಗೃಹಸಾಲ ಕಂಪೆನಿಗಳಿಗೂ ಈ ನಿಯಮ ಬಂದಿದೆ. ಸ್ಥಿರ ಬಡ್ಡಿದರದ ಸಾಲವಾದರೆ ಮಾತ್ರ ಕರಾರುಪತ್ರ ಓದಿಯೇ ಮುಂದುವರಿಯಬೇಕು.

ಹೆಚ್ಚುವರಿ ಹಣ ಕಟ್ಟುವಾಗ ‘ಇದನ್ನು ಅಸಲಿಗೆ ಜಮೆ ಮಾಡಿ, ಕಂತು ಇಳಿಸಬೇಡಿ, ಅವಧಿ ಇಳಿಸಿ’ ಎಂದು ಬರೆದುಕೊಟ್ಟು ರಸೀದಿ ಪಡೆಯುವುದು ಮುಖ್ಯ. ಕಂತು ಇಳಿಸಿಕೊಂಡರೆ ತಿಂಗಳ ಭಾರ ಹಗುರವಾಗುತ್ತದೆ, ಆದರೆ ಸಾಲ ಅಷ್ಟೇ ದೂರ ನಡೆಯುತ್ತದೆ.

ಬಡ್ಡಿದರದ ಮೇಲೂ ಕಣ್ಣಿರಬೇಕು. 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ. 4ರಿಂದ 6.5ಕ್ಕೆ ಏರಿತು. ಆಗ ಅನೇಕರ ಕಂತು ಬದಲಾಗಲಿಲ್ಲ. ಅವಧಿ ಮಾತ್ರ ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯಿತು. 2023ರ ಆಗಸ್ಟ್‌ನಲ್ಲಿ ಬಂದ ಸುತ್ತೋಲೆಯ ಪ್ರಕಾರ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ, ಸ್ವಲ್ಪ ಹಣ ಮುಂಗಡ ಕಟ್ಟಬೇಕೋ ಎಂಬ ಆಯ್ಕೆಯನ್ನು ಬ್ಯಾಂಕು ಸಾಲಗಾರನಿಗೆ ಕೊಡಬೇಕು. ದರ ಇಳಿದಾಗ ಹಳೆಯ ಕಂತನ್ನೇ ಮುಂದುವರಿಸಿದರೆ ಅದೂ ಒಂದು ಬಗೆಯ ಹೆಚ್ಚುವರಿ ಪಾವತಿಯೇ.

ಆತುರ ಸಲ್ಲದ ಕಡೆ

ಹಾಗೆಂದು ಕೈಯಲ್ಲಿದ್ದುದನ್ನೆಲ್ಲ ಸಾಲಕ್ಕೆ ಸುರಿಯುವುದು ಜಾಣತನವಲ್ಲ. ಕಟ್ಟಿದ ಹಣ ಬೇಕೆಂದಾಗ ಹಿಂದೆ ಬರುವುದಿಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಗುಡ್ಡ ಕುಸಿದು, ಹೊಳೆ ಉಕ್ಕಿ ಬಂದದ್ದನ್ನು ಕೊಡಗಿನವರು ಮರೆತಿಲ್ಲ. ಆರು ತಿಂಗಳ ಮನೆಖರ್ಚು ಹಾಗೂ ಕಂತಿಗೆ ಸಾಕಾಗುವಷ್ಟು ಹಣ ಬೇರೆಯೇ ಇರಬೇಕು.

ಎರಡನೆಯದಾಗಿ, ಯಾವ ಸಾಲ ಮೊದಲು ಎಂಬ ಪ್ರಶ್ನೆ. ಸಹಕಾರ ಸಂಘದ ಬೆಳೆಸಾಲವನ್ನು ಗಡುವಿನೊಳಗೆ ಕಟ್ಟಲೇಬೇಕು. ತಪ್ಪಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ. ಕೈಸಾಲ, ಚಿನ್ನದ ಮೇಲಿನ ಸಾಲದ ಬಡ್ಡಿ ಮನೆಸಾಲಕ್ಕಿಂತ ಹೆಚ್ಚಿದ್ದರೆ ಅದು ಮೊದಲು ತೀರಲಿ. ಮಗಳ ಫೀಸಿನ ಹಣವನ್ನು ಮನೆಸಾಲಕ್ಕೆ ಕಟ್ಟಿ, ಮರುವರ್ಷ ಹೆಚ್ಚಿನ ಬಡ್ಡಿಗೆ ಶಿಕ್ಷಣ ಸಾಲ ಹುಡುಕುವುದೂ ತಪ್ಪು ಲೆಕ್ಕವೇ. ಹಳೆಯ ಪದ್ಧತಿಯಲ್ಲಿ ವರಮಾನ ತೆರಿಗೆ ಕಟ್ಟುವ ಸಂಬಳದಾರರಿಗೆ ಸ್ವಂತ ವಾಸದ ಮನೆಯ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 2 ಲಕ್ಷ ರೂ.ವರೆಗೆ ವಿನಾಯಿತಿ ಇರುವುದರಿಂದ ಅವರು ಅದನ್ನೂ ತೂಗಿ ನೋಡಬೇಕು. ಕೃಷಿ ವರಮಾನವನ್ನೇ ನಂಬಿದವರಿಗೆ ಆ ಪ್ರಶ್ನೆ ಹೆಚ್ಚು ಕಾಡುವುದಿಲ್ಲ.

ಕೊನೆಯ ಕಂತು ಕಟ್ಟಿದೊಡನೆ ಕೆಲಸ ಮುಗಿಯಲಿಲ್ಲ. ಬಾಕಿ ಇಲ್ಲವೆಂಬ ಪತ್ರ, ಒತ್ತೆಯಿಟ್ಟ ಮೂಲ ದಾಖಲೆಗಳು ಕೈಗೆ ಬರಬೇಕು. 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದ ನಿಯಮದಂತೆ ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ದಾಖಲೆ ಹಿಂದಿರುಗಿಸಬೇಕು. ತಡ ಬ್ಯಾಂಕಿನ ಕಡೆಯಿಂದಾದರೆ ದಿನಕ್ಕೆ 5,000 ರೂ. ಪರಿಹಾರ ಸಲ್ಲಬೇಕು. ಋಣಭಾರ ಪತ್ರದಲ್ಲಿ ಅಡಮಾನದ ನಮೂದು ರದ್ದಾಗಿದೆಯೇ ಎಂದೂ ನೋಡಿಕೊಳ್ಳಬೇಕು.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಲೆಕ್ಕವನ್ನು ಅವರಿಗೇ ಒಪ್ಪಿಸಬಹುದು. ಒಂದು ನೋಟುಪುಸ್ತಕದಲ್ಲಿ ನಾಲ್ಕು ಕಾಲಂ ಸಾಕು: ಬಾಕಿ ಅಸಲು, ಈ ತಿಂಗಳ ಬಡ್ಡಿ, ಕಟ್ಟಿದ ಹಣ, ಅಸಲಿಗೆ ಸೇರಿದ್ದು. ವರ್ಷಕ್ಕೊಮ್ಮೆ ಬ್ಯಾಂಕಿನ ತಃಖ್ತೆಯೊಂದಿಗೆ ತಾಳೆ ನೋಡಿದರೆ ಗಣಿತವೂ ಬರುತ್ತದೆ, ಮನೆಯ ಕಷ್ಟಸುಖವೂ ತಿಳಿಯುತ್ತದೆ.

ಕಾಫಿ ತೋಟಕ್ಕೆ ಫೆಬ್ರುವರಿ–ಮಾರ್ಚ್‌ನಲ್ಲಿ ಬೀಳುವ ಹೂಮಳೆ ಒಂದಿಂಚಿನಷ್ಟಿದ್ದರೂ ಸಾಕು, ಗಿಡ ಬೆಳ್ಳಗೆ ಅರಳಿ ವರ್ಷದ ಫಸಲಿಗೆ ದಾರಿಯಾಗುತ್ತದೆ. ಆ ಹೊತ್ತು ತಪ್ಪಿದ ಮೇಲೆ ಜುಲೈಯಲ್ಲಿ ನೂರಿಂಚು ಸುರಿದರೂ ಹೋದ ಹೂವು ಬಾರದು. ಮನೆಸಾಲಕ್ಕೆ ಕಟ್ಟುವ ಹೆಚ್ಚುವರಿ ಹಣದ ಗುಣವೂ ಅದೇ. ಈ ವರ್ಷ ಕಣ ಖಾಲಿಯಾಗಿ ಖರ್ಚಿನ ಪಟ್ಟಿ ಬರೆಯುವಾಗ ಅದರಲ್ಲಿ ಮನೆಸಾಲಕ್ಕೂ ಒಂದು ಸಾಲು ಇರಲಿ.