ಅಣ್ಣನ ಬಗ್ಗೆ ವಿಕಿಪೀಡಿಯದಲ್ಲಿ ತಮ್ಮನೇ ಬರೆಯಬಹುದಾ?

ಕೊರಟಗೆರೆಯಿಂದ ಮಾತಾಡ್ತಿದ್ದೀನಿ. ಇವತ್ತು ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡ್ತೀನಿ.

ನಮ್ಮಣ್ಣ ವಿಜ್ಞಾನಿ, ಬೆಳೆಗಳಿಗೆ ಬರೋ ರೋಗಗಳ ಬಗ್ಗೆ ಸಂಶೋಧನೆ ಮಾಡ್ತಾನೆ. ಒಂದು ಯುಗಾದಿಗೆ ಅಪ್ಪ, "ದಿನಾ ಕಂಪ್ಯೂಟರ್ ಮುಂದೆ ಕೂತಿರ್ತೀಯಲ್ಲ, ಅಣ್ಣನ ಬಗ್ಗೆ ವಿಕಿಪೀಡಿಯದಲ್ಲಿ ಒಂದು ಪುಟ ಹಾಕೋ" ಅಂದ್ರು. ರಾತ್ರಿ ಕೂತು ಬರೆದೆ. "ನಾಡಿನ ಹೆಮ್ಮೆಯ ವಿಜ್ಞಾನಿ" ಅಂತಲೇ ಶುರು. ಆಧಾರ? ಅಣ್ಣ ಕಳಿಸಿದ ಬಯೋಡೇಟಾ! ಕೆಲವೇ ದಿನದಲ್ಲಿ ಪುಟ ಅಳಿಸಿಹೋಯ್ತು. ಯಾರೋ ಹೊಟ್ಟೆಕಿಚ್ಚಿನವರ ಕೆಲಸ ಅಂತ ಅಪ್ಪ ಇವತ್ತಿಗೂ ನಂಬಿದ್ದಾರೆ.

ಅಳಿಸಿದ್ದು ಸರಿಯೇ. ಇದಕ್ಕೆ ಹಿತಾಸಕ್ತಿ ಸಂಘರ್ಷ ಅಂತಾರೆ. ನಾನು ಬಿ.ಕಾಂ ಹುಡುಗ, ಆಡಿಟ್ ಭಾಷೆಯಲ್ಲಿ ಹೇಳ್ತೀನಿ. 2013ರ ಕಂಪನಿ ಕಾಯ್ದೆಯ 141ನೇ ಸೆಕ್ಷನ್ ಪ್ರಕಾರ, ನಿಮ್ಮ ಒಡಹುಟ್ಟಿದವರು ಡೈರೆಕ್ಟರ್ ಆಗಿರೋ ಕಂಪನಿಗೆ ನೀವು ಆಡಿಟರ್ ಆಗೋ ಹಾಗಿಲ್ಲ. ನೀವು ಕಳ್ಳರು ಅಂತಲ್ಲ. ಲೆಕ್ಕ ಸರಿಯಿದ್ದರೂ ನೋಡುವವರು ನಂಬೋದು ಹೇಗೆ?

ವಿಜ್ಞಾನಿಯ ಪುಟವನ್ನ ಶಿಷ್ಯರೋ ಮನೆಯವರೋ ಸಂಸ್ಥೆಯ ಪಿಆರ್‌ಒ ಅವರೋ ಬರೆದಾಗ ಸುಳ್ಳಿಗಿಂತ ಬಿಟ್ಟುಹೋಗೋದೇ ಜಾಸ್ತಿ. ಪ್ರಶಸ್ತಿಗಳೆಲ್ಲ ಸಾಲಾಗಿ ಬರುತ್ತವೆ, ವಾಪಸ್ ಪಡೆದ ಪ್ರಬಂಧದ ಸುದ್ದಿ ಬರಲ್ಲ. ಪ್ರಯೋಗಾಲಯದಲ್ಲಿ ಜೊತೆಗೆ ದುಡಿದವರ ಹೆಸರೂ ಬರಲ್ಲ. ಪಾವಗಡದ ಕಡೆಯ ಒಬ್ಬ ಹುಡುಗಿ ಆ ಪುಟ ನೋಡಿಯೇ ಪಿಎಚ್.ಡಿ ಗೈಡ್ ಆರಿಸಿಕೊಂಡರೆ, ಐದಾರು ವರ್ಷ ಅವಳದ್ದು.

ದೊಡ್ಡವರೂ ಎಡವಿದ್ದಾರೆ. ವಿಕಿಪೀಡಿಯ ಕಟ್ಟಿದ ಜಿಮ್ಮಿ ವೇಲ್ಸ್ 2005ರಲ್ಲಿ ತಮ್ಮದೇ ಪುಟ ತಿದ್ದಿ, ಲ್ಯಾರಿ ಸ್ಯಾಂಗರ್ ಸಹ-ಸಂಸ್ಥಾಪಕ ಅನ್ನೋ ಮಾತನ್ನ ತೆಗೆದಿದ್ದರು. ಪ್ರತಿ ಪುಟದ ಇತಿಹಾಸದಲ್ಲಿ ಯಾರು ಏನು ತಿದ್ದಿದರು ಅನ್ನೋದು ಉಳಿದಿರುತ್ತಲ್ಲ, ಸಿಕ್ಕಿಬಿದ್ದರು.

ಹಾಗಂತ ಪರಿಚಯದವರೆಲ್ಲ ದೂರ ಉಳಿದರೆ? ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಬಗ್ಗೆ ಒಬ್ಬರು ಬರೆದ ಕರಡು, ಸ್ವತಂತ್ರ ಆಧಾರ ಸಾಲದು ಅಂತ 2018ರ ಮೇ ತಿಂಗಳಲ್ಲಿ ತಿರಸ್ಕಾರ ಆಯ್ತು. ಅಕ್ಟೋಬರ್ 2ಕ್ಕೆ ಅವರಿಗೆ ಭೌತಶಾಸ್ತ್ರದ ನೊಬೆಲ್! ಅಂಥವರದ್ದೇ ಹೀಗಾದರೆ, ನಮ್ಮ ಸೀಮೆಯ ವಿಜ್ಞಾನಿಗಳ ಬಗ್ಗೆ ಹೊರಗಿನವರು ಬಂದು ಬರೀತಾರೆ ಅಂತ ಕಾಯೋದು ಕಷ್ಟ.

ಇದಕ್ಕೇ ಪ್ರತಿ ಪುಟದ ಹಿಂದೆ "ಚರ್ಚೆ" ಪುಟ ಇರೋದು. ಅಲ್ಲಿ "ನಾನು ಇವರ ತಮ್ಮ, ಈ ವಿವರ ಸೇರಿಸಿ, ಆಧಾರ ಇಲ್ಲಿದೆ" ಅಂತ ಕೇಳಬಹುದು. ಸೇರಿಸೋದು ಬಿಡೋದು ಬೇರೆಯವರು ನೋಡ್ಕೊಳ್ತಾರೆ. ದುಡ್ಡು ತಗೊಂಡು ಬರೆಯೋರು ಅದನ್ನ ಹೇಳಿಕೊಳ್ಳಲೇಬೇಕು, 2014ರಿಂದ ಇದು ಬಳಕೆಯ ನಿಯಮ. ಸಂಬಳವೂ ದುಡ್ಡೇ, ಪಿಆರ್‌ಒ ಸಾಹೇಬರೇ.

ಆಧಾರದಲ್ಲೂ ಒಂದು ಸೂಕ್ಷ್ಮ ಇದೆ. ನಮ್ಮ ಜಿಲ್ಲೆಯ ತಿಪಟೂರಿನಲ್ಲಿ 1925ರಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣನವರು "ಇಯರ್ಸ್ ಆಫ್ ಪಿಲ್ಗ್ರಿಮೇಜ್" ಅಂತ ಆತ್ಮಕಥೆ ಬರೆದಿದ್ದಾರೆ. ಅವರ ಬಾಲ್ಯಕ್ಕೆ ಆ ಪುಸ್ತಕ ಆಧಾರ ಆಗುತ್ತೆ. 1974ರ ಪೋಖ್ರಾನ್ ಪರೀಕ್ಷೆಯಲ್ಲಿ ಅವರ ಪಾತ್ರ ಎಷ್ಟು ದೊಡ್ಡದು ಅನ್ನೋದಕ್ಕೆ ಬೇರೆಯವರು ಬರೆದದ್ದು ಬೇಕು.

ಅಣ್ಣನ ಬಗ್ಗೆ ಪತ್ರಿಕೆಗಳಲ್ಲಿ ಬಂದ ಎರಡು ವರದಿ ಈಗ ಹುಡುಕಿ ಇಟ್ಟಿದ್ದೀನಿ. ಒಂದರಲ್ಲಿ ಫೋಟೋ ಇನ್ಯಾರದ್ದೋ.